ಮೂವರ ಜೊತೆಗೊಂದು ಕಲ್ಲು

ಡ್ರೈವರ್ ಬಾಗಿಲಿನ ಜೇಬಿಗೆ ಕೈಹಾಕಿದ ಅಮೀರಬಿ ಹಾಗೆಯೇ ನಿಂತಳು. ಹಳದಿ ಒರೆಸುಬಟ್ಟೆಯೊಳಗೆ ಗಟ್ಟಿಯಾದದ್ದೇನೋ ಇತ್ತು.

ಬಿಚ್ಚಿ ನೋಡಿದರೆ ಕಲ್ಲು. ನಿಂಬೆಹಣ್ಣಿನಷ್ಟು ದಪ್ಪ, ಕಪ್ಪಗೆ, ನುಣ್ಣಗೆ. ಹೊಳೆಯ ನೀರಿನಲ್ಲಿ ಬಹಳ ಕಾಲ ಬಿದ್ದಿದ್ದ ಕಲ್ಲು. ಬಟ್ಟೆಗೆ ಸಣ್ಣ ಮರಳು ಇನ್ನೂ ಅಂಟಿಕೊಂಡಿತ್ತು.

ಇನ್ನೊಂದು ಕೈಯಲ್ಲಿದ್ದ ಪೈಪಿನಿಂದ ನೀರು ಸುಮ್ಮನೆ ನೆಲಕ್ಕೆ ಹರಿಯುತ್ತಿತ್ತು. ನಳ ಬಂದ್ ಮಾಡಿ ಬಂದು ಮತ್ತೊಮ್ಮೆ ನೋಡಿದಳು. ಗೋವಾದ ಫಾತೋರ್ಡಾದ ಈ ವಾಷಿಂಗ್ ಸೆಂಟರಿನಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆ ಗಾಡಿ ತೊಳೆದ ಹೆಂಗಸು ಅವಳು. ಯಾವ ಪ್ರವಾಸಿ ಎಲ್ಲಿ ಕೂತಿದ್ದ, ಏನು ತಿಂದ, ಯಾರೊಡನೆ ಮುನಿಸಿಕೊಂಡಿದ್ದ ಎಂಬುದನ್ನೆಲ್ಲ ಸೀಟಿನ ಸಂದಿ ನೋಡಿಯೇ ಹೇಳಿಬಿಡುತ್ತಿದ್ದಳು. ಕಾಲಡಿಯ ಮ್ಯಾಟಂತೂ ಅವಳ ಮುಂದೆ ಬಾಯಿಬಿಡುತ್ತಿತ್ತು. ಆದರೆ ಈ ಗಾಡಿಯ ಮ್ಯಾಟುಗಳನ್ನು ಪೊಲೀಸರೇ ತುಳಿದು ತುಳಿದು ಕೆಸರೆಬ್ಬಿಸಿದ್ದರು, ಅವುಗಳಿಂದ ಏನೂ ತಿಳಿಯುವಂತಿರಲಿಲ್ಲ. ಪುಣ್ಯಕ್ಕೆ, ಕಲ್ಲನ್ನು ಯಾವ ಪೊಲೀಸನೂ ಮುಟ್ಟಿರಲಿಲ್ಲ.

ನಿನ್ನೆ ಗುರುವಾರ ನಸುಕಿನಲ್ಲಿ ನೇತ್ರಾವಳಿ ಕಾಡಿನ ಬದಿಯ ತಂಗುಮನೆಯಿಂದ ಡೀಸೆಲ್ ಹಾಕಿಸಲಿಕ್ಕೆಂದು ಈ ಗಾಡಿಯನ್ನು ಒಬ್ಬನೇ ಹೊಡೆದುಕೊಂಡು ಹೋದ ಡ್ರೈವರ್ ಮಾಂತೇಶ, ಪ್ರವಾಸಿಗಳ ಹೇಳಿಕೆಯ ಪ್ರಕಾರ, ತಿರುಗಿ ಬರಲೇ ಇಲ್ಲ. ಗಾಡಿ ಸಾಂಗೆಯ ಬಸ್‌ಸ್ಟ್ಯಾಂಡಿನ ಹಿಂದೆ ಕೀಲಿ ಸಮೇತ ಸಿಕ್ಕಿತ್ತು. ಅವನ ಜೊತೆಗೇ ಪ್ರವಾಸಿ ಹೆಂಗಸಿನ ನಾಲ್ಕು ಬಂಗಾರದ ಬಳೆಗಳೂ ಕಾಣೆಯಾಗಿದ್ದವು.

ಕಳ್ಳ ಅನ್ನುವ ಹೆಸರು ಅವನ ಮನೆಯಿದ್ದ ಮೋತಿ ಡೊಂಗರಿನ ಗುಡ್ಡ ಹತ್ತಲಿಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ. ಮಾಂತೇಶನ ಹೆಂಡತಿ ಮಂಗಲಾ ನಳಕ್ಕೆ ಕೊಡ ಹಿಡಿದು ನಿಂತರೆ ಮಂದಿ ಮಾತು ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಎಂಟಕ್ಕೇ ಅವಳು ವಾಷಿಂಗ್ ಸೆಂಟರಿಗೆ ಬಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಅವಳದು ಒಂದೇ ಮಾತು. ಆ ಪ್ರವಾಸಿಗಳು ಇವತ್ತು ಸಂಜೆ ಮುರಗಾಂವ ಬಂದರಿನಲ್ಲಿ ಹಡಗು ಹತ್ತಿ ಹೋಗಿಬಿಡುತ್ತಾರೆ. ಗಂಡನನ್ನು ಕಡೆಯದಾಗಿ ಕಂಡವರು ಅವರಿಬ್ಬರೇ. ಹಡಗು ಹೊರಟರೆ ಇನ್ನು ಯಾರನ್ನು ಕೇಳುವುದು? ಪೊಲೀಸರೋ ಅವರ ಹೇಳಿಕೆ ಬರೆದುಕೊಂಡು, ತಡೆದು ನಿಲ್ಲಿಸಲಿಕ್ಕೆ ಕಾರಣವಿಲ್ಲ ಎಂದು ಕೈತೊಳೆದುಕೊಂಡಿದ್ದರು.

“ಚಾಚಿ, ಏನರೆ ಸಿಕ್ತೇನು?” ಎಂದಳು ಮಂಗಲಾ.

ಅಮೀರಬಿ ಗಾಡಿಯೊಳಗೆ ಬಾಗಿ ಕೀಲಿ ತಿರುವಿದಳು. ಡೀಸೆಲ್ ಮುಳ್ಳು ಅರ್ಧಕ್ಕಿಂತ ಮೇಲಕ್ಕೆ ಬಂದು ನಿಂತಿತು. ಗಾಡಿಯ ಮಾಲೀಕ ಶಫೀಸಾಬ ಅಲ್ಲೇ ನಿಂತಿದ್ದ, ಅವನನ್ನು ಕೇಳಿದಳು. ಬುಧವಾರ ಕಾಡಿಗೆ ಹೋಗುವಾಗಲೇ ಸಾಂಗೆಯಲ್ಲಿ ಡೀಸೆಲ್ ತುಂಬಿಸಿದ್ದಾಗಿ ಮಾಂತೇಶ ಫೋನ್ ಮಾಡಿದ್ದನಂತೆ. ಆಮೇಲೆ ಗಾಡಿಗೆ ಯಾರೂ ಡೀಸೆಲ್ ಹಾಕಿಲ್ಲ.

“ಅರ್ಧ ಟ್ಯಾಂಕ್ ಇಟಗೊಂಡು ಯಾವ ಹುಚ್ಚ ನಸುಕಿನ್ಯಾಗ ಡೀಸೆಲ್ಲಿಗೆ ಹೋಗ್ತಾನು ಶಫೀಭಾಯಿ?”

ಶಫೀಸಾಬ ಗಡ್ಡ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಬೇಗ ಹೆದರುವವನು ಅಷ್ಟೇ. ಅಮೀರಬಿ ಅಂಗೈ ಬಿಚ್ಚಿ ಕಲ್ಲು ತೋರಿಸಿದಳು.

ಮಂಗಲಾ ಬಕೆಟ್ಟಿನಿಂದ ಎದ್ದಳು. ಅವಳಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅವರ ಊರ ಕಡೆ ಮೂರು ಮಂದಿ ಕೂಡಿ ದಾರಿಗೆ ಹೊರಡುವುದಿಲ್ಲ. ಹೊರಡಲೇಬೇಕಾದರೆ ಅಲ್ಲೇ ನೆಲದ ಮೇಲಿನ ಒಂದು ಕಲ್ಲನ್ನು ನಾಲ್ಕನೆಯವನೆಂದು ಜೊತೆಗಿಟ್ಟುಕೊಳ್ಳುತ್ತಾರೆ, ಊರು ಮುಟ್ಟಿದ ಮೇಲೆ ಅಲ್ಲಿಯೇ ಬಿಟ್ಟುಬಿಡುತ್ತಾರೆ. ಮಾಂತೇಶ ಗೋವಾಕ್ಕೆ ಬಂದು ಹದಿನಾಲ್ಕು ವರ್ಷವಾದರೂ, ದಿಲ್ಲಿಯವರನ್ನು ಕೂರಿಸಿಕೊಂಡರೂ ರಷ್ಯಾದವರನ್ನು ಕೂರಿಸಿಕೊಂಡರೂ, ತನ್ನನ್ನೂ ಸೇರಿಸಿ ಎಣಿಸುತ್ತಿದ್ದ. ಲೆಕ್ಕ ಮೂರಕ್ಕೆ ಬಂತೋ, ಇಳಿದು ಕಲ್ಲು ಹುಡುಕುತ್ತಿದ್ದ. ಉಳಿದ ಡ್ರೈವರ್‌ಗಳು ಅವನನ್ನು ಕಾಡಿಸಿ ಕಾಡಿಸಿ ಸೋತಿದ್ದರು.

ಬುಧವಾರ ಬೆಳಿಗ್ಗೆ ಇಲ್ಲಿಂದ ಹೊರಟಾಗ ಅವನು ಎತ್ತಿಕೊಂಡ ಕಲ್ಲನ್ನು ಅಮೀರಬಿ ಕಣ್ಣಾರೆ ಕಂಡಿದ್ದಳು. ಅದು ಗೇಟಿನ ಹತ್ತಿರ ಬಿದ್ದಿದ್ದ ಕೆಂಪು ಚಿರೇಕಲ್ಲಿನ ಚೂರು. ಇದು ಅದಲ್ಲ. ಇದು ಕಾಡಿನ ಹೊಳೆಯದು.

“ಕಾಡಿಂದ ಹೊಂಟಾಗ ಗಾಡ್ಯಾಗ ಮೂರು ಮಂದಿ ಇದ್ರು,” ಎಂದಳು ಅಮೀರಬಿ. “ಒಬ್ಬನ ಹೋದಾ ಅಂದವರು ಸುಳ್ಳ ಹೇಳ್ಯಾರ.”

ಸ್ಟೇಷನ್ನಿಗೆ ಹೋಗೋಣ ಎಂದ ಶಫೀಸಾಬ. ಕಲ್ಲು ಹಿಡಿದುಕೊಂಡು ಹೋದರೆ ಚಹಾ ಕುಡಿಸಿ ಕಳಿಸಿಯಾರು, ಅಷ್ಟರಲ್ಲಿ ಹಡಗು ಹೊರಟಿರುತ್ತದೆ ಎಂದಳು ಅಮೀರಬಿ. ಆಗಲೇ ಹನ್ನೆರಡೂವರೆ. ಪ್ರವಾಸಿಗಳನ್ನು ಎರಡು ಗಂಟೆಗೆ ಲಾಡ್ಜಿನಿಂದ ಬಂದರಿಗೆ ಬಿಡುವ ಬಾಡಿಗೆಯೂ ಶಫೀಸಾಬನದೇ. ಒಂದೂವರೆ ತಾಸು ಮೊದಲೇ ಹೊರಟರೆ ಯಾರೂ ಬೇಡ ಅನ್ನುವಂತಿರಲಿಲ್ಲ.

ಲಾಡ್ಜಿನ ಕೋಣೆಯಲ್ಲಿ ಪ್ರವಾಸಿ ಹೆಂಗಸು ದ್ರಾಕ್ಷಾಯಿಣಿಯವರು ಮಂಚದ ಅಂಚಿಗೆ ಇಸ್ತ್ರಿ ಸೀರೆಯುಟ್ಟು ಕೂತಿದ್ದರು. ಗದಗಿನ ಸರಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ವಯಸ್ಸು ಅರವತ್ತೆಂಟು. ಬಳೆಯಿಲ್ಲದ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದರು. ಅವರ ತಮ್ಮನ ಮಗ ಪರಶು, ಮೊಬೈಲ್ ಅಂಗಡಿ ಇಟ್ಟುಕೊಂಡ ಮೂವತ್ತರ ಯುವಕ, ಕಿಟಕಿಯ ಹತ್ತಿರ ನಿಂತು ಒಂದೇಸಮನೆ ಫೋನ್ ನೋಡುತ್ತಿದ್ದ.

ಮಂಗಲಾ ಯಾರೆಂದು ತಿಳಿದ ಕೂಡಲೇ ದ್ರಾಕ್ಷಾಯಿಣಿ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ಬಳೆ ಹೋದರೆ ಹೋಗಲಿ, ನಾನು ಕಳುವಿನ ದೂರು ಬರೆದವಳಲ್ಲ, ಪರಶು ಬರೆದದ್ದು ಎಂದರು. ನಿನ್ನೆಯಿಂದ ತಮಗೆ ಅನ್ನ ಸೇರುತ್ತಿಲ್ಲ ಎಂದರು. ಮಂಗಲಾ ಜಗಳಕ್ಕೆ ತಯಾರಾಗಿ ಬಂದವಳು, ಆ ಮಾತಿಗೆ ಅತ್ತೇಬಿಟ್ಟಳು. ಈ ಹೆಂಗಸು ಸುಳ್ಳು ಹೇಳುವವರ ಪೈಕಿ ಅಲ್ಲ ಎಂದು ಅಮೀರಬಿಗೆ ಖಾತ್ರಿಯಾಯಿತು.

ಹಾಗಾದರೆ ಉಳಿದವನು ಒಬ್ಬನೇ.

ಅಮೀರಬಿ ಅವಸರ ಮಾಡಲಿಲ್ಲ. ಪ್ರವಾಸ ಹೇಗೆ ಗೊತ್ತುಮಾಡಿದಿರಿ ಅಕ್ಕಾರ ಎಂದು ಕೇಳಿದಳು. ದ್ರಾಕ್ಷಾಯಿಣಿ ದಿಂಬಿನ ಕೆಳಗಿನಿಂದ ಇನ್ನೂರು ಪುಟದ ಒಂದು ನೋಟುಬುಕ್ಕು ತೆಗೆದರು. ಒಂದು ವರ್ಷದ ತಯಾರಿ ಅದರಲ್ಲಿತ್ತು. ಹಡಗಿನ ಟಿಕೀಟು ಮೊದಲು ತೆಗೆಸಿದ್ದು, ನಾಲ್ಕು ದಿನ ನೀರಿನ ಮೇಲೆ ಇರಲಿಕ್ಕೆ. ಅದಕ್ಕೆ ಮೊದಲು ಎರಡು ರಾತ್ರಿ ಕಾಡಿನ ಹತ್ತಿರ ಇರಬೇಕೆಂಬುದು ಅವರ ಆಸೆ. ಮೂವತ್ತೈದು ವರ್ಷ ಮಕ್ಕಳಿಗೆ ಚಿತ್ರದಲ್ಲಿ ತೋರಿಸಿದ ಮಂಗಟ್ಟೆ ಹಕ್ಕಿಯನ್ನು ತಾವೇ ಕಂಡಿರಲಿಲ್ಲ. ಶಫೀಸಾಬನ ಟ್ರಾವೆಲ್ಸಿಗೆ ಫೋನ್ ಮಾಡಿದಾಗ ಎತ್ತಿದವನು ಮಾಂತೇಶ. ಅಂದಿನಿಂದ ಆರು ತಿಂಗಳು ಅವರಿಬ್ಬರೂ ಫೋನಿನಲ್ಲೇ ಪ್ರವಾಸ ಕಟ್ಟಿದ್ದರು. ಮೊಣಕಾಲು ನೋವಿದೆ ಎಂದರೆ ಏರಿಲ್ಲದ ದಾರಿ ಹುಡುಕಿದ್ದ. ಅಮಾವಾಸ್ಯೆಗೆ ಹೊರಡುವುದು ಬೇಡವೆಂದು ದಿನ ಬದಲಿಸಿದ್ದ. ಕಾಡಿನ ಗೇಟು ತೆರೆಯುವ ಹೊತ್ತು ಕೇಳಲಿಕ್ಕೆ ರಜೆಯ ದಿನ ತಾನೇ ಹೋಗಿಬಂದಿದ್ದ.

ಅದೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಅಮೀರಬಿಗೆ ಓದು ಅಷ್ಟಕ್ಕಷ್ಟೇ. ಗುರುವಾರದ ಪುಟ ಓದಿ ಎಂದಳು.

“ಏಳೂವರೆಗೆ ಚಹಾ. ಎಂಟಕ್ಕ ನಡಕೋತ ಹೊಳಿ ದಂಡಿಗಿ. ಇವತ್ತ ಗಾಡಿ ಬ್ಯಾಡ, ಮಾಂತೇಶಗ ವಿಶ್ರಾಂತಿ,” ಎಂದು ಓದಿದ ದ್ರಾಕ್ಷಾಯಿಣಿ ಕನ್ನಡಕ ತೆಗೆದು ಒರೆಸಿಕೊಂಡರು.

“ಬುಧವಾರ ಅಲ್ಲಿ ಮುಟ್ಟಿದ ಮ್ಯಾಲೆ ಗಾಡಿ ಎಲ್ಲಿಗರೆ ಒಯ್ದಿದ್ರೇನ್ರಿ?”

ಇಲ್ಲ, ಹಚ್ಚಿದ ಗಾಡಿ ಹಚ್ಚಿದಲ್ಲೇ ಇತ್ತು ಎಂದರು ಅವರು. ಬಾಗಿಲು ಸಹ ತೆರೆಯಲಿಲ್ಲ. ಮುಟ್ಟಿದ ಕೂಡಲೇ ಮಾಂತೇಶ ಕೆಂಪು ಕಲ್ಲನ್ನು ಗಿಡದ ಬುಡಕ್ಕೆ ಹಾಕಿ ಕೈಮುಗಿದದ್ದೂ ಅವರಿಗೆ ನೆನಪಿತ್ತು. ನಮ್ಮವ್ವ ಹೀಗೇ ಮಾಡುತ್ತಿದ್ದಳು ಎಂದು ತಾವು ನಕ್ಕದ್ದನ್ನೂ ಹೇಳಿದರು.

ಅಮೀರಬಿ ಹಳದಿ ಬಟ್ಟೆ ಬಿಚ್ಚಿ ಹೊಳೆಯ ಕಲ್ಲನ್ನು ನೋಟುಬುಕ್ಕಿನ ಮೇಲಿಟ್ಟಳು. ಎಲ್ಲಿ ಸಿಕ್ಕಿತೆಂದು ಹೇಳಿದಳು.

ದ್ರಾಕ್ಷಾಯಿಣಿಯವರಿಗೆ ಅರ್ಥವಾಗಲು ಅಷ್ಟು ಸಾಕಿತ್ತು. ಅವರು ಕಲ್ಲು ನೋಡಿದರು, ಬಾಗಿಲು ನೋಡಿದರು, ಕಡೆಗೆ ಕಿಟಕಿಯ ಕಡೆ ತಿರುಗಿದರು. ಪರಶು ಮಾತ್ರ, ಪಾಪ, ಪಟ್ಟಣದಲ್ಲಿ ಬೆಳೆದವನು. ಕಲ್ಲು ಕಂಡರೆ ಅವನಿಗೆ ಅದು ಬರೀ ಕಲ್ಲು. ಅದೇ ಅವನ ತಪ್ಪು. ಗಾಡಿಯಿಂದ ಆ ನಸುಕಿನ ಗುರುತು ಒಂದನ್ನೂ ಬಿಡದೆ ಒರೆಸಿ ತೆಗೆದವನು, ಬಾಗಿಲಿನ ಜೇಬಿನಲ್ಲಿದ್ದ ಕಲ್ಲನ್ನು ಮುಟ್ಟಿ ನೋಡಿ ಹಾಗೇ ಬಿಟ್ಟಿದ್ದ.

“ಕಲ್ಲಿನ ಸಲುವಾಗಿ ಇಷ್ಟ ದೂರ ಬಂದ್ರ್ಯಾ?” ಎಂದು ಅವನು ನಗಲು ನೋಡಿದ.

“ಪರಶೂ,” ಎಂದರು ದ್ರಾಕ್ಷಾಯಿಣಿ. ಶಾಲೆಯ ಪಡಸಾಲೆಯಲ್ಲಿ ಮೂವತ್ತೈದು ವರ್ಷ ಕೇಳಿದ ಧ್ವನಿ ಅದು. “ನಾನು ನಿದ್ದೀ ಗುಳಿಗಿ ತಗೊಂಡು ಏಳರತನಕ ಮಲಗಿದ್ನಿ. ಮಾಂತೇಶ ಒಬ್ಬನ ಹೋದಾ ಅಂತ ನೀನ ನಂಗ ಎಬಿಸಿ ಹೇಳಿದಿ. ಗಾಡ್ಯಾಗ ನೀನೂ ಇದ್ದಿ. ಮೂರನೇದಂವ ಯಾರು?”

ಪರಶು ಫೋನನ್ನು ಜೇಬಿಗೆ ಹಾಕಿದ, ಮತ್ತೆ ಹೊರಗೆ ತೆಗೆದ. ನೆಟ್‌ವರ್ಕಿನ ಬಗ್ಗೆ ಏನೋ ಹೇಳಹೊರಟು ನಿಲ್ಲಿಸಿದ. ಅಮೀರಬಿ ಅವನಿಗೆ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು. ಇಂಥವರನ್ನು ಗದರಿಸಿದರೆ ಮುಚ್ಚಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಡೀಸೆಲ್ ಅರ್ಧ ಟ್ಯಾಂಕ್ ಇದೆ ತಮ್ಮಾ ಎಂದಷ್ಟೇ ಅಂದಳು.

ನೀರು ಕುಡಿದು ಲೋಟ ಕೆಳಗಿಟ್ಟವನು ಪ್ಯಾಂಟಿನ ಒಳಜೇಬಿಗೆ ಕೈಹಾಕಿದ. ಕರವಸ್ತ್ರದ ಗಂಟು ಹೊರಗೆ ಬಂತು. ಬಿಚ್ಚಿ ಅತ್ತೆಯ ಮುಂದೆ ಇಟ್ಟ. ನಾಲ್ಕು ಬಳೆ.

ಮಂಗಲಾಳ ಬಾಯಿಂದ ಸಣ್ಣದೊಂದು ಸದ್ದು ಬಂತು. ನಿನ್ನೆಯಿಂದ ಅವಳ ಗಂಡನ ಹೆಸರಿಗೆ ಮೆತ್ತಿದ್ದ ಮಸಿ ಈಗ ಮಂಚದ ಮೇಲೆ ಬಿದ್ದಿತ್ತು.

ಆಮೇಲೆ ಪರಶು ಹೇಳುತ್ತ ಹೋದ, ತಲೆಯೆತ್ತದೆ. ಅಂಗಡಿಗೆ ಸೋವಿಯಲ್ಲಿ ಮಾಲು ಕೊಡುತ್ತಿದ್ದ ಒಬ್ಬನು ಮೂರು ತಿಂಗಳಿಂದ ಅವನನ್ನು ಕೈಯೊಳಗೆ ಇಟ್ಟುಕೊಂಡಿದ್ದ. ಮಾಲು ಕಳುವಿನದೆಂದು ಗೊತ್ತಾಗುವಷ್ಟರಲ್ಲಿ ತಪ್ಪಿಸಿಕೊಳ್ಳುವ ದಾರಿ ಉಳಿದಿರಲಿಲ್ಲ. ಅತ್ತೆ ಹಡಗು ಹತ್ತುತ್ತಾರೆಂದು ತಿಳಿದ ಮೇಲೆ ಅವನಿಗೆ ಒಂದು ಕೆಲಸ ಬಿತ್ತು. ಸಿಕ್ಕಿಬಿದ್ದರೆ ಜೈಲೇ ಗತಿಯಾಗುವಂಥ ಒಂದು ಪೊಟ್ಟಣ ಅತ್ತೆಯ ಬ್ಯಾಗಿನಲ್ಲಿ ಹಡಗಿಗೆ ಹೋಗಬೇಕು. ವಯಸ್ಸಾದ ಅಕ್ಕಾರ ಬ್ಯಾಗನ್ನು ಯಾರೂ ಕೆದಕುವುದಿಲ್ಲ ಎಂದು ಅವರ ಲೆಕ್ಕ.

ಗುರುವಾರ ನಸುಕಿನಲ್ಲಿ ಪೊಟ್ಟಣ ತಂದವನು ತಂಗುಮನೆಗೆ ಬಂದ. ಬಂದ ಬೈಕು ಕೆಟ್ಟು ನಿಂತಿತ್ತು. ಅವನನ್ನು ಸಾಂಗೆಗೆ ಬಿಟ್ಟು ಬರೋಣವೆಂದು ಪರಶು ಮಾಂತೇಶನನ್ನು ಎಬ್ಬಿಸಿದ. ಮೂರು ಮಂದಿ ಆಯಿತಲ್ಲ, ತಡೀರಿ ಎಂದು ಮಾಂತೇಶ ಹೊಳೆಗೆ ಇಳಿದು ಹೋಗಿದ್ದ. ಯಾಕೆಂದು ಪರಶುವಿಗೆ ಆಗ ಗೊತ್ತಾಗಿರಲಿಲ್ಲ. ದಾರಿಯಲ್ಲಿ ಹಿಂದಿನ ಸೀಟಿನ ಮಾತು ಮಾಂತೇಶನ ಕಿವಿಗೆ ಬಿತ್ತು. ಅವನು ಗಾಡಿ ನಿಲ್ಲಿಸಿಬಿಟ್ಟ. ನನ್ನ ಮೇಲೆ ನಂಬಿಕೆ ಇಟ್ಟು ಬಂದ ಅಕ್ಕಾರ ಬ್ಯಾಗಿನಲ್ಲಿ ಇದನ್ನು ಇಡಗೊಡುವುದಿಲ್ಲ, ಈಗಲೇ ಹೋಗಿ ಅವರಿಗೆ ಹೇಳುತ್ತೇನೆ ಎಂದ.

“ಪೊಟ್ಟಣ ತಂದಂವಾ ಇನ್ನಿಬ್ಬರನ್ನ ಕರಿಸಿದಾ. ಮಾಂತೇಶನ್ನ ಒಯ್ದರು. ಎಲ್ಲಿಗಂತ ನಂಗ ಗೊತ್ತಿಲ್ರಿ, ನಮ್ಮವ್ವನ ಆಣಿ,” ಎಂದ ಪರಶು. ಗಾಡಿ ಒರೆಸಿ ಸಾಂಗೆಯಲ್ಲಿ ಬಿಟ್ಟದ್ದೂ ಬಳೆ ತೆಗೆದದ್ದೂ ದೂರು ಬರೆದದ್ದೂ ಅವರು ಹೇಳಿಕೊಟ್ಟಂತೆಯೇ; ಅವನನ್ನು ತಿರುಗಿ ತಂಗುಮನೆಗೆ ತಂದು ಬಿಟ್ಟವರೂ ಅವರೇ.

ದ್ರಾಕ್ಷಾಯಿಣಿ ಗೋಡೆಗೆ ಆನಿಸಿದ್ದ ತಮ್ಮ ಬ್ಯಾಗನ್ನು ನೋಡಿದರು. ಅದರ ಬಾಯಿಗೆ ಹೊಸದೊಂದು ಬೀಗ ಇತ್ತು. ಆಮೇಲೆ ಅವರು ಹೇಳಿದರು, ನಾನು ಹಡಗು ಹತ್ತುವುದಿಲ್ಲ, ಬ್ಯಾಗನ್ನು ಪೊಲೀಸರ ಮುಂದೆ ಇಡುತ್ತೇನೆ, ಪರಶುವಿನ ಜೊತೆ ನಾನೇ ಹೋಗುತ್ತೇನೆ. ಅಮೀರಬಿಗೆ ಆ ಹೆಂಗಸಿನ ಕಾಲಿಗೆ ಬೀಳಬೇಕೆನಿಸಿತು.

ಪರಶು ಅತ್ತೆಯ ಮುಂದೆ ಕುಸಿದು ಕೂತ.

“ಅತ್ತಿ, ನೀವು ಹತ್ತಬೇಕ್ರಿ. ಬ್ಯಾಗ ಹಡಗಿನ ಒಳಗ ಹೋಗೂದನ್ನ ನೋಡಾಕ ಬಂದರದಾಗ ಅವರ ಮನಶ್ಯಾ ನಿಂತಿರ್ತಾನು. ಹೋದ್ರ ಸಂಜೀಕ ಮಾಂತೇಶನ್ನ ಬಿಡ್ತಾರಂತ. ಹೋಗಲಿಲ್ಲಂದ್ರ ಅವನ್ನ ಉಳಸಂಗಿಲ್ಲ.”

ಬೆಳಿಗ್ಗೆಯಿಂದ ಹಡಗು ಹೋಗಬಾರದು, ಇವರು ಹತ್ತಬಾರದು ಎಂದು ಹಲುಬುತ್ತಿದ್ದ ಮಂಗಲಾ ಈಗ ದ್ರಾಕ್ಷಾಯಿಣಿಯವರ ಸೆರಗು ಹಿಡಿದಳು. ಹತ್ರಿ ಅಕ್ಕಾರ, ನಿಮಗ ಕೈಮುಗೀತೇನಿ ಎಂದಳು. ಅವಳಿಗೆ ಗಂಡ ಬೇಕು. ಅವಳನ್ನು ತಪ್ಪೆನ್ನಲು ಅಮೀರಬಿಗೆ ಬಾಯಿ ಬರಲಿಲ್ಲ. ಹಡಗಿನಲ್ಲಿ ಆ ಬ್ಯಾಗು ತೆರೆದರೆ ಅರವತ್ತೆಂಟರ ಈ ಹೆಂಗಸು ಜೈಲಿನಲ್ಲಿ ಸಾಯುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು.

ಒಂದು ಮಾತು ಮಾತ್ರ ಅವಳಿಗೆ ಹೊಳೆಯಿತು. ಮಾಂತೇಶ ಬದುಕಿದ್ದಾನೆ ಅನ್ನಲಿಕ್ಕೆ ಸಾಕ್ಷಿ ಏನು? ಅವರ ಫೋನ್ ಬಂದರೆ ಮೊದಲು ಅವನ ಧ್ವನಿ ಕೇಳಿಸಲು ಹೇಳು, ಆಮೇಲೆ ಉಳಿದದ್ದು ಎಂದು ಪರಶುವಿಗೆ ಕಿವಿಮಾತು ಹೇಳಿದಳು.

ಒಂದೂ ನಲವತ್ತಕ್ಕೆ ಫೋನ್ ಬಂತು. ಪರಶು ಹಿಂದಿಯಲ್ಲಿ ಮಾತಾಡಿದ. ಅತ್ತೆ ತಯಾರಾಗಿದ್ದಾರೆ, ಆದರೆ ಡ್ರೈವರನ ಹೆಂಡತಿ ಬಂದು ಗಲಾಟೆ ಎಬ್ಬಿಸಿದ್ದಾಳೆ, ಅವನ ಧ್ವನಿ ಕೇಳಿಸಿದರೆ ಸುಮ್ಮನಾಗುತ್ತಾಳೆ ಎಂದ. ಸುಳ್ಳು ಚೆನ್ನಾಗಿಯೇ ಹೇಳಿದ. ಆ ಕಡೆ ಏನೋ ಗೊಣಗಾಟ, ಬಾಗಿಲ ಸದ್ದು. ಮಂಗಲಾ ಅವನ ಕೈಯಿಂದ ಫೋನ್ ಕಸಿದು ಕಿವಿಗೆ ಒತ್ತಿಕೊಂಡಳು. ಅವಳು ಬೀಳದಂತೆ ಅಮೀರಬಿ ಭುಜ ಬಳಸಿ ಹಿಡಿದಿದ್ದಳು. ಇಬ್ಬರ ತಲೆಗಳೂ ತಾಗಿಕೊಂಡಿದ್ದವು.

“ಮಂಗಲಾ,” ಎಂದಿತು ಆ ಕಡೆಯ ಧ್ವನಿ. ದಣಿದಿತ್ತು, ಆದರೆ ಮಾಂತೇಶನದೇ. “ಅಕ್ಕಾರನ್ನ ಹಡಗ ಹತ್ತಸಬ್ಯಾಡ. ಹೆಂಗರೆ ಮಾಡಿ ತಡಿ. ನನ್ನ ಚಿಂತಿ ಬಿಡು...”

ಏನೋ ಬಡಿದ ಸದ್ದಾಯಿತು. ಫೋನ್ ಕತ್ತರಿಸಿಹೋಯಿತು.

ಮಂಗಲಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ದ್ರಾಕ್ಷಾಯಿಣಿ ಅವಳ ಹತ್ತಿರ ಬಂದು ಬಾಗಿದರು. ಏನಂದ ಮಗಳೇ, ಹೇಗಿದ್ದಾನೆ ಎಂದು ಕೇಳಿದರು.

ಮಂಗಲಾ ಕಣ್ಣೊರೆಸಿಕೊಂಡಳು.

“ಆರಾಮ ಅದಾನ್ರಿ,” ಎಂದಳು. “ಅಕ್ಕಾರಿಗೆ ಹಡಗ ಹತ್ತಾಕ ಹೇಳು ಅಂದಾ.”

ದ್ರಾಕ್ಷಾಯಿಣಿ ತಡಮಾಡಲಿಲ್ಲ. ಅವನೇ ಹಾಗೆ ಅಂದನೆಂದ ಮೇಲೆ ಮುಗಿಯಿತು, ಆ ಹುಡುಗನ ಜೀವಕ್ಕಿಂತ ಹೆಚ್ಚಿನದೇನಿದೆ ನನಗೆ, ನಡೆಯಿರಿ ಎಂದು ಚಪ್ಪಲಿ ಮೆಟ್ಟಿಕೊಂಡರು. ಕೆಳಗೆ ಶಫೀಸಾಬ ಹಾರ್ನ್ ಹೊಡೆದ. ಪರಶು ಬ್ಯಾಗಿಗೆ ಕೈಹಾಕಿದ.

ಮಂಗಲಾ ಆಗ ಅಮೀರಬಿಯ ಮುಖ ನೋಡಿದಳು. ಮಾಂತೇಶನ ಮಾತು ಆ ಕೋಣೆಯಲ್ಲಿ ಇಬ್ಬರ ಕಿವಿಗೆ ಬಿದ್ದಿತ್ತು.